ಕೊಡುವ ಮೊದಲು ಕೇಳಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯಕರ್ತರು ಮತ್ತು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಸಮಾಜಕಾರ್ಯದಲ್ಲಿ ಬೇಕಾದ ಕೌಶಲ, ಮೌಲ್ಯ ಮತ್ತು ನೀತಿಯ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ತಕ್ಷಣ ಒಪ್ಪಿಕೊಂಡೆ. ಆಮೇಲೆ ಸ್ವಲ್ಪ ಅಳುಕಾಯಿತು. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ನನಗಿಂತ ಹೆಚ್ಚು ಸೇವೆ ಮಾಡಿದವರು. ನಡುರಾತ್ರಿ ರಕ್ತ ಬೇಕೆಂದರೆ ಎದ್ದು ಆಸ್ಪತ್ರೆಗೆ ಹೋಗುವವರಿದ್ದೀರಿ. ಗುರುತು ಪರಿಚಯವಿಲ್ಲದವರ ಮಯ್ಯಿತ್‌ಗೆ ಹೆಗಲು ಕೊಡುವವರಿದ್ದೀರಿ. ನಿಮಗೆ ಸೇವೆ ಮಾಡಿ ಎಂದು ಹೇಳಲು ನಾನು ಬಂದಿಲ್ಲ. ಒಳ್ಳೆಯ ಮನಸ್ಸಿನಿಂದ ಸೇವೆ ಮಾಡುವಾಗಲೇ ನಮಗೆ ಗೊತ್ತಾಗದ ಹಾಗೆ ಇನ್ನೊಬ್ಬರಿಗೆ ಆಗುವ ಒಂದು ಗಾಯವಿದೆ. ಅದರ ಬಗ್ಗೆ ಹೇಳಲು ಬಂದಿದ್ದೇನೆ. ಆ ಗಾಯ ಮಾಡಿದವರಲ್ಲಿ ನಾನೂ ಒಬ್ಬ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಎಂ.ಎಸ್.ಡಬ್ಲ್ಯೂ. ಮುಗಿಸಿ ಹೊಸದಾಗಿ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಸ್ಥೆಯ ಹೆಸರು ಬೇಡ, ಯಾಕೆಂದರೆ ತಪ್ಪು ನನ್ನದು. ವಿದ್ಯಾರ್ಥಿವೇತನ ವಿತರಣಾ ಸಮಾರಂಭ. ಮೈಕ್ ನನ್ನ ಕೈಯಲ್ಲಿ. ಪಟ್ಟಿಯಲ್ಲಿ ಎಂಟನೇ ತರಗತಿಯ ಒಬ್ಬಳು ಹುಡುಗಿಯ ಹೆಸರು ಬಂತು. ತಂದೆ ತೀರಿಕೊಂಡಿದ್ದರು, ತಾಯಿ ಬೀಡಿ ಕಟ್ಟುತ್ತಿದ್ದರು. ಸಭಿಕರ ಮನ ಕರಗಲಿ, ದಾನಿಗಳಿಗೆ ಇನ್ನಷ್ಟು ಕೊಡುವ ಉತ್ಸಾಹ ಬರಲಿ ಎಂದು ನಾನು ಅದನ್ನೆಲ್ಲ ಸ್ವಲ್ಪ ಭಾವುಕವಾಗಿಯೇ ವರ್ಣಿಸಿದೆ. 'ತಂದೆಯ ನೆರಳಿಲ್ಲದ ಬಡ ಬಾಲಕಿ' ಎಂದೆ. ಚಪ್ಪಾಳೆ ಬಂತು. ಹುಡುಗಿ ತಲೆ ತಗ್ಗಿಸಿಕೊಂಡು ಬಂದು ಲಕೋಟೆ ತೆಗೆದುಕೊಂಡಳು. ಫೋಟೋ ತೆಗೆಯುವವರು ತಲೆ ಎತ್ತಲು ಹೇಳಿದರು, ಎತ್ತಿದಳು.

ಎರಡು ವಾರ ಕಳೆದು ಅವಳ ತಾಯಿ ಕಚೇರಿಗೆ ಬಂದರು. ಬುರ್ಖಾದ ಒಳಗಿನಿಂದ ಅದೇ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಮಗಳು ಶಾಲೆಗೆ ಹೋಗಲು ಒಪ್ಪುತ್ತಿಲ್ಲ ಎಂದರು. ತರಗತಿಯಲ್ಲಿ ಯಾರಿಗೂ ಅವಳಿಗೆ ಅಪ್ಪ ಇಲ್ಲ ಎಂಬುದು ಗೊತ್ತಿರಲಿಲ್ಲವಂತೆ. ಗಲ್ಫಿನಲ್ಲಿದ್ದಾರೆ ಎಂದು ಹೇಳಿಕೊಂಡಿದ್ದಳಂತೆ. ಸಮಾರಂಭಕ್ಕೆ ಬಂದಿದ್ದ ಯಾರೋ ಶಾಲೆಯಲ್ಲಿ ಹೇಳಿಬಿಟ್ಟರು. ಈಗ ಅವಳನ್ನು ಮಕ್ಕಳು 'ಗಲ್ಫಿನವಳು' ಎಂದು ಕರೆಯುತ್ತಿದ್ದಾರೆ.

ಈ ವಿಷಯ ಕಮಿಟಿಯಲ್ಲಿ ಬಂದಾಗ ಒಬ್ಬ ಹಿರಿಯರು, ಸುಳ್ಳು ಹೇಳುವ ಹುಡುಗಿಗೆ ನಾವೇಕೆ ಸಹಾಯ ಮಾಡಬೇಕು ಎಂದು ಕೇಳಿದರು. ಅವರಿಗೆ ಉತ್ತರ ಕೊಡುವ ನೈತಿಕ ಶಕ್ತಿ ಆ ದಿನ ನನ್ನಲ್ಲಿರಲಿಲ್ಲ. ಇವತ್ತಾದರೆ ಹೇಳುತ್ತೇನೆ: ಆ ಸುಳ್ಳು ಹದಿಮೂರು ವರ್ಷದ ಮಗು ತನ್ನ ಮಾನ ಮುಚ್ಚಿಕೊಳ್ಳಲು ಹೊದ್ದುಕೊಂಡ ಒಂದು ಚಾದರ. ಅದನ್ನು ನಾನು ಮೈಕ್ ಹಿಡಿದು ಎಳೆದು ಹಾಕಿದೆ. ಅವಳ ಒಂದು ವರ್ಷ ಹಾಳಾಯಿತು. ಮರುವರ್ಷ ತಾಯಿ ಅವಳನ್ನು ತವರೂರಿನ ಶಾಲೆಗೆ ಸೇರಿಸಿದರು. ಅಲ್ಲಿಂದ ಅವರು ಸಂಸ್ಥೆಗೆ ಅರ್ಜಿ ಹಾಕಲಿಲ್ಲ.

ತಮಾಷೆಯೆಂದರೆ, ಗೌಪ್ಯತೆ ಎಂಬ ಪಾಠ ನನ್ನ ಪಠ್ಯದಲ್ಲಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಉತ್ತರ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ.

ಸಮಾಜಸೇವೆ, ಸಮಾಜಕಾರ್ಯ ಎಂಬ ಎರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಕಾಲೇಜುಗಳಲ್ಲಿ ಅವು ಬೇರೆ ಬೇರೆ. ಸೇವೆಗೆ ಮನಸ್ಸು ಬೇಕು. ಸಮಾಜಕಾರ್ಯಕ್ಕೆ ಮನಸ್ಸಿನ ಜೊತೆ ತರಬೇತಿಯೂ ಬೇಕು, ಮಾಡಿದ್ದಕ್ಕೆ ಲೆಕ್ಕ ಕೊಡುವ ಶಿಸ್ತೂ ಬೇಕು. ನಮ್ಮ ದೇಶದಲ್ಲಿ ಈ ಶಿಕ್ಷಣ ಕ್ರಮಬದ್ಧವಾಗಿ ಆರಂಭವಾದದ್ದು 1936ರಲ್ಲಿ, ಮುಂಬಯಿಯಲ್ಲಿ, ಟಾಟಾ ಟ್ರಸ್ಟಿನ ನೆರವಿನಿಂದ. ಆ ಶಾಲೆಯ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಡ್ಟ್ ಎಂಬ ಅಮೆರಿಕನ್ ಪಾದ್ರಿ. ಅದಕ್ಕೆ ಮೊದಲು ಅವರು ನಾಗಪಾಡಾದಲ್ಲಿ ಒಂದು ನೆರೆಹೊರೆ ಕೇಂದ್ರ ನಡೆಸುತ್ತಿದ್ದರು. ನಾಗಪಾಡಾ ಎಂದರೆ ಮುಂಬಯಿ ಕಂಡವರಿಗೆ ಗೊತ್ತು, ನಮ್ಮ ಜನ ಕಿಕ್ಕಿರಿದು ವಾಸಿಸುವ ಪ್ರದೇಶ. ಅಂದರೆ ಭಾರತದಲ್ಲಿ ಸಮಾಜಕಾರ್ಯದ ವಿದ್ಯೆ ಮೊಳಕೆಯೊಡೆದದ್ದು ಬಂಗಲೆಯಲ್ಲಲ್ಲ, ಇಂಥ ಒಂದು ಮೊಹಲ್ಲಾದಲ್ಲಿ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? 1944ರಲ್ಲಿ ಆ ಶಾಲೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ನಮ್ಮ ಮಂಗಳೂರಿನಲ್ಲಿ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ವಿದ್ಯಾರ್ಥಿಗಳೇ, ಡಾಕ್ಟರ್ ಎಂಜಿನಿಯರ್ ಬಿಟ್ಟು ಇಂಥ ಓದನ್ನೂ ಒಮ್ಮೆ ಯೋಚಿಸಿ. ಸಂಬಳ ಪಡೆದು ಸೇವೆ ಮಾಡುವುದು ಹೇಗೆ ಸರಿ ಎಂದು ಮನೆಯಲ್ಲಿ ಕೇಳಿದರೆ, ಝಕಾತಿನ ಎಂಟು ಹಕ್ಕುದಾರರನ್ನು ಹೇಳುವ ಸೂರಾ ತೌಬಾದ 60ನೇ ಆಯತ್ತನ್ನು ತೋರಿಸಿ. ಝಕಾತ್ ಸಂಗ್ರಹಿಸಿ ವಿಲೇವಾರಿ ಮಾಡುವ ಕೆಲಸದವರೂ ಆ ಎಂಟರಲ್ಲಿ ಸೇರಿದ್ದಾರೆ.

ಈ ವಿದ್ಯೆಗೆ ಒಂದು ಕ್ರಮ ಹಾಕಿಕೊಟ್ಟವರಲ್ಲಿ ಮೇರಿ ರಿಚ್ಮಂಡ್ ಎಂಬ ಅಮೆರಿಕನ್ ಮಹಿಳೆ ಮುಖ್ಯರು. ಅವರು 1889ರಲ್ಲಿ ಬಾಲ್ಟಿಮೋರ್ ನಗರದ ಒಂದು ದಾನ ಸಂಸ್ಥೆಗೆ ಸೇರಿದ್ದು ಸಹಾಯಕ ಖಜಾಂಚಿಯಾಗಿ. ನಮ್ಮ ಖಜಾಂಚಿಯವರು ಇದನ್ನು ಕೇಳಿ ಸಂತೋಷಪಡಬೇಕು. ಲೆಕ್ಕ ಬರೆಯುತ್ತಾ ಬರೆಯುತ್ತಾ ಅವರಿಗೆ ಕಂಡದ್ದು, ಹಣ ಕೊಡುವುದು ಸುಲಭ, ಆ ಮನೆಯಲ್ಲಿ ನಿಜವಾಗಿ ಏನಾಗಿದೆ ಎಂದು ತಿಳಿಯುವುದು ಕಷ್ಟ ಎಂಬುದು. 1917ರಲ್ಲಿ ಅವರು ಪ್ರಕಟಿಸಿದ 'ಸೋಶಿಯಲ್ ಡಯಗ್ನೊಸಿಸ್' ಎಂಬ ದಪ್ಪ ಪುಸ್ತಕದ ತುಂಬ ಇರುವುದು ಅದೇ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಕೇಳಿದ್ದನ್ನು ಎಷ್ಟು ನಂಬಬೇಕು. ನಲವತ್ತು ವರ್ಷಗಳ ನಂತರ, 1957ರಲ್ಲಿ, ಫೆಲಿಕ್ಸ್ ಬಿಸ್ಟೆಕ್ ಎಂಬ ಕ್ರೈಸ್ತ ಪಾದ್ರಿ ಸಹಾಯ ಕೇಳಿ ಬಂದವರೊಡನೆ ನಮ್ಮ ಸಂಬಂಧ ಹೇಗಿರಬೇಕು ಎಂಬುದಕ್ಕೆ ಏಳು ತತ್ವಗಳನ್ನು ಹೇಳಿದರು. ಇವತ್ತಿಗೂ ಎಲ್ಲ ಕಾಲೇಜುಗಳಲ್ಲಿ ಅದನ್ನು ಕಲಿಸುತ್ತಾರೆ. ಏಳನ್ನೂ ಇಲ್ಲಿ ಒಪ್ಪಿಸುವುದಿಲ್ಲ, ಪುಸ್ತಕದಲ್ಲಿ ಓದಿಕೊಳ್ಳಿ. ಪ್ರತಿಯೊಬ್ಬರನ್ನೂ ಬೇರೆಯೇ ವ್ಯಕ್ತಿಯೆಂದು ನೋಡುವುದು, ತೀರ್ಪು ಕೊಡದಿರುವುದು, ಅವರ ಬದುಕಿನ ನಿರ್ಧಾರವನ್ನು ಅವರಿಗೇ ಬಿಡುವುದು, ಹೇಳಿದ ಗುಟ್ಟನ್ನು ಕಾಯುವುದು. ಈ ನಾಲ್ಕನ್ನು ಹಿಡಿದುಕೊಂಡರೂ ನಮ್ಮ ಅರ್ಧ ತಪ್ಪುಗಳು ತಪ್ಪುತ್ತವೆ.

ಇವೆಲ್ಲ ಹೊರಗಿನಿಂದ ಬಂದ ಮಾತುಗಳೆಂದು ಯಾರಿಗಾದರೂ ಅನ್ನಿಸಿದರೆ, ಅಬೂದಾವೂದ್ ಸಂಗ್ರಹದಲ್ಲಿ ಅನಸ್(ರ) ಅವರಿಂದ ವರದಿಯಾದ ಒಂದು ಘಟನೆಯನ್ನು ನೆನಪಿಸುತ್ತೇನೆ. ನೀವೆಲ್ಲ ಜುಮುಅ ಖುತ್ಬಾದಲ್ಲಿ ಕೇಳಿದ್ದೇ. ಅನ್ಸಾರಿಗಳಲ್ಲಿ ಒಬ್ಬರು ಪ್ರವಾದಿ(ಸ)ಯವರ ಬಳಿ ಸಹಾಯ ಬೇಡಿ ಬಂದರು. ಪ್ರವಾದಿ(ಸ)ಯವರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಏನೂ ಇಲ್ಲವೇ ಎಂದು. ಒಂದು ದಪ್ಪ ಬಟ್ಟೆಯಿದೆ, ಸ್ವಲ್ಪ ಹೊದೆಯುತ್ತೇವೆ, ಸ್ವಲ್ಪ ಹಾಸುತ್ತೇವೆ. ನೀರು ಕುಡಿಯಲು ಒಂದು ಬಟ್ಟಲಿದೆ. ಅವೆರಡನ್ನೂ ತರಿಸಿ, ತಮ್ಮ ಕೈಯಲ್ಲಿ ಹಿಡಿದು, ಕೊಳ್ಳುವವರು ಯಾರೆಂದು ಕೇಳಿದರು. ಒಬ್ಬರು ಒಂದು ದಿರ್ಹಮ್ ಎಂದರು. ಇನ್ನೂ ಹೆಚ್ಚು ಕೊಡುವವರಿದ್ದಾರೆಯೇ ಎಂದು ಮತ್ತೆ ಮತ್ತೆ ಕೇಳಿ ಎರಡು ದಿರ್ಹಮಿಗೆ ಮಾರಿದರು. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಕೊಡಲಿಗೆ ಕಾವನ್ನು ತಮ್ಮ ಕೈಯಿಂದಲೇ ಹಾಕಿಕೊಟ್ಟರು. ಸೌದೆ ಕಡಿದು ಮಾರಿ, ಹದಿನೈದು ದಿನ ಕಳೆದು ಬರಲು ಹೇಳಿದರು. ಅವರು ಹತ್ತು ದಿರ್ಹಮ್ ಸಂಪಾದಿಸಿಕೊಂಡು ಬಂದರು.

ದುಡಿದು ತಿನ್ನಬೇಕು, ಬೇಡಬಾರದು ಎಂಬ ಪಾಠಕ್ಕೆ ನಾವು ಈ ಹದೀಸನ್ನು ಹೇಳುತ್ತೇವೆ. ಸರಿಯೇ. ಆದರೆ ಅದು ಬೇಡುವವನಿಗೆ ಪಾಠವಾದಷ್ಟೇ ಕೊಡುವವನಿಗೂ ಪಾಠ. ನೀನೇಕೆ ಬಡವನಾದೆ ಎಂಬ ವಿಚಾರಣೆ ಅಲ್ಲಿಲ್ಲ. ಏನಿಲ್ಲ ಎಂದು ಕೇಳಲಿಲ್ಲ, ಏನಿದೆ ಎಂದು ಕೇಳಿದರು. ಇವತ್ತಿನ ಹಸಿವನ್ನು ಮರೆಯಲಿಲ್ಲ. ಒಂದು ದಿರ್ಹಮ್ ಮೊದಲು ಊಟಕ್ಕೇ ಹೋಯಿತು. ಹದಿನೈದು ದಿನ ಕಳೆದು ಮತ್ತೆ ಭೇಟಿ. ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಇನ್ನೊಂದು ಮಾತು ನನಗೆ ಇತ್ತೀಚೆಗೆ ಹೊಳೆದದ್ದು: ಅಲ್ಲಿ ಜನರ ಮುಂದೆ ಹರಾಜಿಗೆ ಬಂದದ್ದು ಒಂದು ಬಟ್ಟೆ, ಒಂದು ಬಟ್ಟಲು. ಆ ಮನುಷ್ಯನ ಕಥೆಯಲ್ಲ.

ನಾವು ಈಗ ಮಾಡುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೊಲಿಗೆ ಯಂತ್ರ ವಿತರಣೆ ನಮ್ಮೆಲ್ಲ ಸಂಘಗಳ ಅಚ್ಚುಮೆಚ್ಚಿನ ಕಾರ್ಯಕ್ರಮ. ವಿಧವೆಯೆಂದರೆ ಹೊಲಿಗೆ ಯಂತ್ರ ಎಂದು ತೀರ್ಮಾನವಾಗಿಬಿಟ್ಟಿದೆ. ಒಬ್ಬ ಸಹೋದರಿ ಅದನ್ನು ಮೂರೇ ತಿಂಗಳಲ್ಲಿ ಮಾರಿದ್ದು ತಿಳಿದು ನಮ್ಮ ಕಾರ್ಯಕರ್ತರು ಕೆಂಡಾಮಂಡಲರಾದರು. ನಾನು ಹೋಗಿ ಕೇಳಿದೆ. ಇಪ್ಪತ್ತು ವರ್ಷ ಬಗ್ಗಿ ಕೂತು ಬೀಡಿ ಕಟ್ಟಿ ಅವರ ಸೊಂಟ ಹೋಗಿತ್ತು, ಕಣ್ಣೂ ಮಂಜು. ಸೂಜಿಗೆ ನೂಲು ಪೋಣಿಸಲಾಗುತ್ತಿರಲಿಲ್ಲ. ಬೇಡವೆಂದರೆ ಕೊಡುವವರಿಗೆ ಬೇಸರವಾದೀತೆಂದು ಸುಮ್ಮನೆ ತೆಗೆದುಕೊಂಡಿದ್ದರು. ಮಾತಾಡುತ್ತಾ ಮನೆಯಲ್ಲಿ ಏನೇನು ಕಾಗದಪತ್ರವಿದೆ ಎಂದು ಕೇಳಿದಾಗ ಟ್ರಂಕಿನಿಂದ ಒಂದು ಬೀಡಿ ಕಾರ್ಡು ಹೊರಬಂತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇತ್ತು. ಇಬ್ಬರು ಮಕ್ಕಳು ಓದುತ್ತಿದ್ದರೂ ಒಮ್ಮೆಯೂ ಅರ್ಜಿ ಹಾಕಿರಲಿಲ್ಲ. ಬೀಡಿ ಬ್ರಾಂಚಿನಲ್ಲಿ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅವರ ಮನೆಯಲ್ಲಿದ್ದ ಬಟ್ಟೆ, ಬಟ್ಟಲು ಅದಾಗಿತ್ತು. ಎಲ್ಲರ ಕೈಗೂ ಕೊಡಲಿ ಒಗ್ಗುವುದಿಲ್ಲ.

ಕೇಳುವುದು ಎಂದರೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ಪ್ರಶ್ನೆ ಕೇಳುವುದು, ಕಿವಿಗೊಟ್ಟು ಕೇಳುವುದು. ಮೊದಲನೆಯದನ್ನು ಅರ್ಜಿ ಫಾರಂ ಮಾಡುತ್ತದೆ. ಎರಡನೆಯದಕ್ಕೆ ಮನುಷ್ಯರೇ ಬೇಕು. ಮನೆಭೇಟಿಗೆ ಹೋದಾಗ ನಾಲ್ಕೈದು ಜನ ಗುಂಪಾಗಿ ಹೋಗಬೇಡಿ. ಅದು ಭೇಟಿಯಲ್ಲ, ದಾಳಿ. ಊಟದ ಹೊತ್ತಿಗೆ ಹೋಗಬೇಡಿ, ಒಲೆಯ ಮೇಲೆ ಏನಿದೆ ಎಂದು ಇಣುಕಬೇಡಿ. ಅವರು ಅತ್ತರೆ ತಕ್ಷಣ ಸಬ್ರ್ ಮಾಡಿ ಎಂದು ಬಾಯಿ ಮುಚ್ಚಿಸಬೇಡಿ. ಸಬ್ರಿನ ಬೆಲೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮುಂದಿನ ಮಾತು ತಾನಾಗಿ ಬರುತ್ತದೆ. ಇದು ಕಲಿಯಬೇಕಾದ ಕೌಶಲ, ನನಗೆ ಹತ್ತು ವರ್ಷ ಬೇಕಾಯಿತು.

ಬ್ಯಾರಿ ಬಿಟ್ಟು ಬೇರೆ ಭಾಷೆ ಬಾರದ ಉಮ್ಮಂದಿರು ಇವತ್ತಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಆಸ್ಪತ್ರೆಗೆ ಬರುವಾಗ ಜೊತೆಗೆ ಶಾಲೆಗೆ ಹೋಗುವ ಮಗನನ್ನು ಕರೆತರುತ್ತಾರೆ. ಡಾಕ್ಟರು ಕನ್ನಡದಲ್ಲಿ ಕೇಳಿದ್ದನ್ನು ಹತ್ತು ವರ್ಷದ ಹುಡುಗ ತಾಯಿಗೆ ಹೇಳಬೇಕು. ಗರ್ಭಕೋಶದ ತೊಂದರೆಯನ್ನು ಮಗನ ಬಾಯಿಯಿಂದ ಹೇಳಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಹೊಟ್ಟೆನೋವು ಎಂದು ಹೇಳಿ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಬ್ಯಾರಿ ಬಲ್ಲ ಒಬ್ಬಳು ವಿದ್ಯಾರ್ಥಿನಿ ವಾರಕ್ಕೆ ಎರಡು ದಿನ ಕೂತರೆ ಸಾಕು, ಹತ್ತು ಸಮಾರಂಭಕ್ಕೆ ಸಮ. ಹೆಣ್ಣುಮಕ್ಕಳೇ, ಈ ಕೆಲಸ ನಿಮ್ಮಿಂದ ಮಾತ್ರ ಸಾಧ್ಯ.

ಹಾಗೆಯೇ ಇದ್ದತ್‌ನಲ್ಲಿರುವ ಸಹೋದರಿಯರು. ನಾಲ್ಕು ತಿಂಗಳು ಹತ್ತು ದಿನ ಅವರನ್ನು ಒಂಟಿಯಾಗಿ ಬಿಟ್ಟು, ಮುಗಿದ ಮೇಲೆ ಸಹಾಯಕ್ಕೆ ಹೋಗುತ್ತೇವೆ. ಮರಣ ನೋಂದಣಿಗೆ ಇರುವುದು 21 ದಿನ. ಆ ಪ್ರಮಾಣಪತ್ರವಿಲ್ಲದೆ ಬ್ಯಾಂಕು, ವಿಮೆ, ವಿಧವಾ ವೇತನ ಯಾವುದೂ ಮುಂದೆ ಹೋಗುವುದಿಲ್ಲ. ಮನೆಯ ಇನ್ನೊಬ್ಬರು ಹೋಗಿ ಮಾಡಿಸಬಹುದಾದ್ದನ್ನು ನಾವು ಜೊತೆ ನಿಂತು ಮಾಡಿಸೋಣ. ಅವರೇ ಹೋಗಬೇಕಾದ ಅನಿವಾರ್ಯವಿದ್ದರೆ ಹಗಲಿನಲ್ಲಿ ಅಗತ್ಯಕ್ಕಾಗಿ ಹೊರಹೋಗಲು ಅನೇಕ ವಿದ್ವಾಂಸರು ಅನುಮತಿ ಹೇಳಿದ್ದಾರೆ. ಹೋಗುವುದೋ ಬಿಡುವುದೋ ತೀರ್ಮಾನ ಆ ಸಹೋದರಿಯದು, ಬೇಕಿದ್ದರೆ ತಮ್ಮ ಉಸ್ತಾದರನ್ನು ಕೇಳಿಕೊಳ್ಳುತ್ತಾರೆ. ನಮ್ಮ ಕೆಲಸ ಗಡುವನ್ನು ತಿಳಿಸುವುದು.

ಇನ್ನು ಗುಟ್ಟಿನ ವಿಷಯ. ಗುಟ್ಟು ಕಾಯುವುದಕ್ಕೂ ಒಂದು ಮಿತಿಯಿದೆ. ಅದನ್ನು ತಿಳಿಯದೆ ಯುವ ಕಾರ್ಯಕರ್ತರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯಕ್ಕೆ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳ ಹತ್ತಿರ ಮೊದಲ ಪಿಯುಸಿಯ ಹುಡುಗಿಯೊಬ್ಬಳು, ಅಕ್ಕಾ, ಯಾರಿಗೂ ಹೇಳುವುದಿಲ್ಲವೆಂದರೆ ಒಂದು ವಿಷಯ ಹೇಳುತ್ತೇನೆ ಎಂದಳು. ಇವಳು ಮಾತು ಕೊಟ್ಟಳು. ಆ ಹುಡುಗಿಗೆ ಹದಿನಾರು ವರ್ಷ. ಮುಂದಿನ ತಿಂಗಳು ನಿಕಾಹ್ ನಿಗದಿಯಾಗಿತ್ತು, ಅವಳಿಗೆ ಓದಬೇಕಿತ್ತು. ನನ್ನ ವಿದ್ಯಾರ್ಥಿನಿ ಎರಡು ರಾತ್ರಿ ನಿದ್ದೆ ಮಾಡದೆ ಮೂರನೆಯ ದಿನ ನನ್ನ ಮುಂದೆ ಬಂದು ಅತ್ತಳು. ಹೇಳಿದರೆ ವಚನಭಂಗ, ಹೇಳದಿದ್ದರೆ ಆ ಹುಡುಗಿಯ ಬಾಳು.

ಅವಳ ತಪ್ಪು ಮಾತು ಮುರಿದದ್ದರಲ್ಲಿಲ್ಲ, ಕೇಳುವ ಮೊದಲೇ ಮಾತು ಕೊಟ್ಟದ್ದರಲ್ಲಿದೆ. 'ನಿನಗೆ ಅಥವಾ ಇನ್ನೊಬ್ಬರಿಗೆ ಅಪಾಯವಾಗುವ ವಿಷಯವಾದರೆ ನಾನು ಒಬ್ಬಳೇ ಇಟ್ಟುಕೊಳ್ಳಲಾರೆ, ಯಾರಿಗೆ ಹೇಳಬೇಕಾದರೂ ಮೊದಲು ನಿನಗೆ ತಿಳಿಸಿಯೇ ಹೇಳುತ್ತೇನೆ' ಎಂದು ಆರಂಭದಲ್ಲೇ ಹೇಳಬೇಕು. ನಾವಿಬ್ಬರೂ ಮೊದಲು ಹುಡುಗಿಯ ಬಳಿಯೇ ಹೋದೆವು. ಅವಳು ಒಪ್ಪಿದ ಮೇಲೆ ಅವಳ ಸೋದರಮಾವನೊಂದಿಗೆ, ನಂತರ ಖತೀಬರೊಂದಿಗೆ ಮಾತಾಡಿದೆವು. ಖತೀಬರು ದೊಡ್ಡ ಮನಸ್ಸಿನವರು, ತಾನು ನಿಕಾಹ್ ಓದುವುದಿಲ್ಲವೆಂದು ನೇರವಾಗಿ ಹೇಳಿದರು. ಮದುವೆ ಮುಂದಕ್ಕೆ ಹೋಯಿತು. ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದೆಂದು ನಾವು ತೀರ್ಮಾನಿಸಿಯೇ ಹೋಗಿದ್ದೆವು. ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ, ಮುಚ್ಚಿಟ್ಟರೆ ಅದೇ ಅಪರಾಧ. ಅದು ಕಮಿಟಿಯಲ್ಲಿ ಕೂತು ರಾಜಿ ಪಂಚಾಯತಿ ಮಾಡುವ ವಿಷಯವಲ್ಲ. ಅಂಥ ಮಗುವಿನ ಗುರುತು ಬಹಿರಂಗ ಮಾಡುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಹೇಳಬೇಕಾದಲ್ಲಿ ಹೇಳುವುದು, ಉಳಿದೆಡೆ ಬಾಯಿ ಬಿಡದಿರುವುದು, ಎರಡೂ ಒಟ್ಟಿಗೆ ನಡೆಯಬೇಕು.

ನಾವು ಸಾಮಾನ್ಯವಾಗಿ ಇದರ ತಲೆಕೆಳಗು ಮಾಡುತ್ತೇವೆ. ಹೇಳಬೇಕಾದದ್ದನ್ನು ಮುಚ್ಚಿಡುತ್ತೇವೆ, ಮುಚ್ಚಿಡಬೇಕಾದದ್ದನ್ನು ವಾಟ್ಸಾಪಿಗೆ ಹಾಕುತ್ತೇವೆ. ರೋಗಿಯ ಹಾಸಿಗೆಯ ಫೋಟೋ, ಕಾಯಿಲೆಯ ಹೆಸರು, ಊರು, ಬ್ಯಾಂಕ್ ಖಾತೆ, ಫೋನ್ ನಂಬರು. ಹಣ ಬರುತ್ತದೆ, ಅಲ್ಹಮ್ದುಲಿಲ್ಲಾಹ್. ರೋಗಿ ಗುಣವಾಗುತ್ತಾರೆ ಅಥವಾ ತೀರಿಕೊಳ್ಳುತ್ತಾರೆ. ಆ ಸಂದೇಶ ಮಾತ್ರ ಸಾಯುವುದಿಲ್ಲ. ನಾಲ್ಕು ವರ್ಷ ಕಳೆದು ಮಗಳಿಗೆ ಸಂಬಂಧ ನೋಡುವಾಗ ಯಾರದೋ ಫೋನಿನಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಸಹಾಯ ಕೇಳುವುದು ಅನಿವಾರ್ಯವೆಂದಾದರೆ ಆ ಕುಟುಂಬವನ್ನು ಕೇಳಿ, ಮುಖ ಮರೆಸಿ, ಸಂಘದ ಖಾತೆಯ ಹೆಸರಿನಲ್ಲಿ ಕೇಳಬಹುದು. ಹಣ ಸಾಕಾದ ದಿನ, ಇನ್ನು ಕಳಿಸಬೇಡಿ ಎಂದೂ ಬರೆಯಬಹುದು.

ಸೂರಾ ಬಕರದ 264ನೇ ಆಯತ್ತು ಕೊಟ್ಟ ದಾನವನ್ನು ಎತ್ತಿ ಆಡಿ, ನೋಯಿಸಿ ವ್ಯರ್ಥ ಮಾಡಿಕೊಳ್ಳಬೇಡಿ ಎಂಬ ಅರ್ಥದ ಎಚ್ಚರಿಕೆ ಕೊಡುತ್ತದೆ. 273ನೆಯದು ಸ್ವಾಭಿಮಾನದಿಂದ ಕೈಚಾಚದೆ ಇರುವ, ಅರಿಯದವರ ಕಣ್ಣಿಗೆ ಸ್ಥಿತಿವಂತರಂತೆ ಕಾಣುವ ಬಡವರ ಬಗ್ಗೆ ಮಾತಾಡುತ್ತದೆ. ಗಲ್ಫಿನಲ್ಲಿ ಅಪ್ಪ ಇದ್ದಾರೆಂದು ಹೇಳಿಕೊಂಡ ಆ ಹುಡುಗಿ ನೆನಪಾಗದೆ ನಾನು ಈ ಆಯತ್ತನ್ನು ಓದಲಾರೆ.

ಕೊನೆಗೆ ಒಂದು ಬೇಡಿಕೆ, ಇದಕ್ಕಾಗಿಯೇ ಇಷ್ಟು ದೂರ ಬಂದೆ. ಪ್ರತಿವರ್ಷ ಸಂಘದ ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ವಿದ್ಯಾರ್ಥಿವೇತನ ಪಡೆದ ಮಕ್ಕಳ ಹೆಸರು, ತಂದೆಯ ಹೆಸರು, ಊರು, ಕೆಲವೊಮ್ಮೆ ಫೋಟೋ ಬರುತ್ತದೆ. ರ್‍ಯಾಂಕ್ ಪಡೆದವರ ಫೋಟೋ ಹಾಕಿ, ದೊಡ್ಡದಾಗಿಯೇ ಹಾಕಿ. ಇವರದು ಬೇಡ. ಖಜಾಂಚಿಯವರು ಊಟದ ಹೊತ್ತಿಗೆ ನನ್ನನ್ನು ಕೇಳಿದರು: ಹೆಸರು ಹಾಕದಿದ್ದರೆ ದಾನಿಗಳು ನಂಬುತ್ತಾರೆಯೇ? ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಖಂಡಿತ ಬೇಕು. ತರಗತಿವಾರು ಎಷ್ಟು ಮಕ್ಕಳು, ಎಷ್ಟು ಮೊತ್ತ, ಅದನ್ನು ಅಚ್ಚು ಹಾಕೋಣ. ಹೆಸರಿನ ಪಟ್ಟಿಯನ್ನು ಲೆಕ್ಕಪರಿಶೋಧಕರು ನೋಡಲಿ, ಕಚೇರಿಯ ಕಪಾಟಿನಲ್ಲಿ ಬೀಗದೊಳಗೆ ಇರಲಿ. ಹಣ ನೇರವಾಗಿ ತಾಯಿಯ ಬ್ಯಾಂಕ್ ಖಾತೆಗೆ ಹೋಗಲಿ. ಸಂದೇಹವಿರುವ ದಾನಿಗಳು ಕಪಾಟು ತೆರೆಸಬೇಕಿಲ್ಲ, ಲೆಕ್ಕಪರಿಶೋಧಕರ ವರದಿಯನ್ನು ನೋಡಲಿ.

ಅಧ್ಯಕ್ಷರು ಕಾರ್ಯಕಾರಿ ಸಮಿತಿಯಲ್ಲಿ ಇಟ್ಟು ನೋಡುತ್ತೇನೆ ಎಂದಿದ್ದಾರೆ. ಈ ವರ್ಷದ ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರವಿದೆಯಂತೆ.